ಹುರುಪೆ ಮತ್ತು ಹೆಬ್ಬೆಟ್ಟು

ಮೀನಿನ ಹುರುಪೆ ತೆಗೆಯುವುದು ಬಾಲದ ಕಡೆಯಿಂದ ತಲೆಯ ಕಡೆಗೆ. ಮೀನು ತಿನ್ನುವ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಕೂರಿಸಿ ಹೇಳಿಕೊಡುವುದಿಲ್ಲ, ನೋಡಿ ನೋಡಿ ಬರುತ್ತದೆ. ತಲೆಯಿಂದ ಬಾಲದ ಕಡೆಗೆ ಎಷ್ಟು ಸಲ ಕತ್ತಿ ಆಡಿಸಿದರೂ ಅದು ಸುಮ್ಮನೆ ಜಾರುತ್ತ ಹೋಗುತ್ತದೆ. ಮೀನು ತಿನ್ನದವರು ಹಂಚಿನ ಮಾಡನ್ನು ನೆನೆಸಿಕೊಳ್ಳಬಹುದು. ಮೇಲಿನ ಹಂಚಿನ ಅಂಚು ಕೆಳಗಿನ ಹಂಚಿನ ಮೇಲೆ ಕುಳಿತಿರುವುದರಿಂದ ಇಳಿದು ಬರುವ ಮಳೆನೀರಿಗೆ ಒಳಗೆ ನುಗ್ಗಲು ಸಂದು ಸಿಗುವುದಿಲ್ಲ. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸಿದರೆ ಮಾತ್ರ ಹಂಚು ಏಳುತ್ತದೆ. ಮೀನು ಮುಂದಕ್ಕೆ ಈಜುವ ಪ್ರಾಣಿ. ನೀರು ಅದರ ತಲೆಯಿಂದ ಬಾಲದ ಕಡೆಗೆ ಹರಿಯುತ್ತದೆ, ಹುರುಪೆಗಳೂ ಅದೇ ದಿಕ್ಕಿಗೆ ಒಂದರ ಮೇಲೊಂದು ಒರಗಿರುತ್ತವೆ. ಅಡುಗೆಮನೆಯ ಕತ್ತಿ ಎದುರುಗಾಳಿಯ ಹಾಗೆ, ಹಿಂದಿನಿಂದ ಬಂದು ಎಬ್ಬಿಸುತ್ತದೆ.

ನಾಲ್ಕು ವರ್ಷಗಳಿಂದ ನಾನು ಪಿಎಚ್‌ಡಿ ಎಂಬ ಹೆಸರಿನಲ್ಲಿ ಮಾಡುತ್ತಿರುವುದು ಈ ಹುರುಪೆಗಳನ್ನು ಎಳೆಯುವ, ಬಾಗಿಸುವ, ಚುಚ್ಚುವ ಕೆಲಸ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಶಲ್ಕ ಅಂತ ಹೆಸರು. ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಬರೆದುಕೊಂಡಾಗ ಒಂದೆರಡು ಕಡೆ ಶಲ್ಕ ಅಂತ ಹಾಕಿ ನೋಡಿದೆ. ಅದು ಯಾಕೋ ತೊಳೆದು ಒಣಗಿಸಿ ಗಾಜಿನ ಡಬ್ಬಿಯಲ್ಲಿಟ್ಟ ವಸ್ತುವಿನ ಹಾಗೆ ಕೇಳಿಸಿತು. ನನಗೆ ಗೊತ್ತಿರುವುದು ಹುರುಪೆ. ಅದು ಅಂಗಳದ ಕಲ್ಲಿಗೆ ಅಂಟುತ್ತದೆ, ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ, ಸಮವಸ್ತ್ರದ ತೋಳಿನ ಮೇಲೆ ಒಣಗಿ ಕುಳಿತು ಶಾಲೆಯಲ್ಲಿ ನಾನು ಯಾರ ಮಗಳು ಅಂತ ಹೇಳಿಬಿಡುತ್ತದೆ.

ಅಮ್ಮ ಮೀನು ಮಾರುವವಳು. ಕುಂದಾಪುರದ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಅವಳದೊಂದು ಜಾಗ ಇದೆ. ಬೆಳಗಿನ ಜಾವ ಬಂದರಿಗೆ ಹೋಗಿ ಮೀನು ಹಿಡಿದುಕೊಂಡು ಬರುತ್ತಾಳೆ, ಮಧ್ಯಾಹ್ನದವರೆಗೆ ಮಾರುತ್ತಾಳೆ, ಕೇಳಿದವರಿಗೆ ಮೆಟ್ಟುಕತ್ತಿಯಲ್ಲಿ ಹೆಚ್ಚಿ ಕೊಡುತ್ತಾಳೆ. ಹೆಚ್ಚಿ ಕೊಡುವವರ ಹತ್ತಿರ ಗಿರಾಕಿ ಜಾಸ್ತಿ. ಈಗ ಪೇಟೆಯ ಮನೆಗಳಲ್ಲಿ ಮೀನು ತಿನ್ನುವವರಿದ್ದಾರೆ, ಮೀನು ಮಾಡಲು ಬರುವವರು ಕಡಿಮೆ.

ಯಾವ ಮೀನಿನ ಮೈ ಹೇಗೆ ಎಂಬುದು ಅವಳಿಗೆ ಬೆರಳಿನಲ್ಲೇ ಗೊತ್ತು. ಬೈಗೆಯ ಹುರುಪೆ ಮುಟ್ಟಿದರೆ ಉದುರುತ್ತದೆ. ಬಲೆಯಿಂದ ಬುಟ್ಟಿಗೆ, ಬುಟ್ಟಿಯಿಂದ ತಕ್ಕಡಿಗೆ ಬರುವಷ್ಟರಲ್ಲಿ ಅರ್ಧ ಮೈ ಖಾಲಿ. ಬಂಗುಡೆಯದು ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು, ಯಾರೂ ತೆಗೆಯುವ ಗೋಜಿಗೆ ಹೋಗುವುದಿಲ್ಲ. ಕಾಣೆಯದು ಸಣ್ಣದಾದರೂ ಬಿಗಿ. ಕೆಂಬೇರಿಯದು ದೊಡ್ಡದು, ದಪ್ಪ. ಕತ್ತಿ ತಾಗಿದರೆ ಚಟಚಟ ಸಿಡಿದು ಎದುರಿಗೆ ನಿಂತವರ ಮುಖಕ್ಕೆ ಹಾರುತ್ತದೆ. ಅಂಜಲಿಗೆ ಹುರುಪೆ ಇಲ್ಲವೆಂದೇ ಹೇಳಬೇಕು. ತಾಟೆಯ ಮೈಯನ್ನು ಒಂದು ಕಡೆಯಿಂದ ಸವರಿದರೆ ನುಣುಪು, ತಿರುಗಿ ಸವರಿದರೆ ಗರಗಸ. ನಾನು ಮೊದಲ ವರ್ಷದ ಕೋರ್ಸ್‌ನಲ್ಲಿ ಓದಿದ ವರ್ಗೀಕರಣ ಹೆಚ್ಚುಕಡಿಮೆ ಇದೇ. ಲೂಯಿ ಅಗಾಸಿ ಎಂಬ ವಿಜ್ಞಾನಿ 19ನೇ ಶತಮಾನದಲ್ಲಿ ಪಳೆಯುಳಿಕೆ ಮೀನುಗಳನ್ನು ಹುರುಪೆಯ ಜಾತಿಯ ಮೇಲೆಯೇ ವಿಂಗಡಿಸಿದ್ದ. ಮೂಳೆ ಮುರಿದು ಹೋಗಿದ್ದರೂ ಹುರುಪೆ ಉಳಿದಿರುತ್ತಿತ್ತು.

ನಾನು ಹುರುಪೆಯ ಮೇಲೆ ಸಂಶೋಧನೆ ಮಾಡುತ್ತೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅದ್ರಂಗೆ ಎಂತ ಇತ್ತ್ ಮಗಾ ಓದೂಕೆ?"

ಇದೆ. ತಾಟೆಯಿಂದಲೇ ಶುರು ಮಾಡಬಹುದು. ಅದರ ಚರ್ಮದ ಮೇಲಿರುವ ಒಂದೊಂದು ಕಾಳೂ ನಿಜವಾಗಿ ಒಂದು ಪುಟ್ಟ ಹಲ್ಲು. ನಮ್ಮ ಹಲ್ಲಿನ ಹಾಗೆಯೇ ನಡುವೆ ಮೆದುವಾದ ತಿರುಳು, ಸುತ್ತ ದಂತದ್ರವ್ಯ, ಮೇಲೆ ಎನಾಮಲ್‌ನಂಥ ಗಡಸು ಲೇಪ. ಹಿಂದೆ ಬಡಗಿಗಳು ಈ ಚರ್ಮವನ್ನು ಮರಳುಕಾಗದದಂತೆ ಬಳಸುತ್ತಿದ್ದರು. ಕೆಂಬೇರಿ, ರೋಹು, ಕಾಟ್ಲಾಗಳಂಥ ಮೀನುಗಳ ಹುರುಪೆ ಬೇರೆ ಬಗೆಯದು. ಅದರಲ್ಲಿ ಎರಡು ವಸ್ತುಗಳಿವೆ. ಒಂದು ಕೊಲಾಜೆನ್, ನಮ್ಮ ಚರ್ಮದಲ್ಲೂ ಸ್ನಾಯುರಜ್ಜುಗಳಲ್ಲೂ ಇರುವ ನಾರು. ಇನ್ನೊಂದು ಹೈಡ್ರಾಕ್ಸಿಅಪಟೈಟ್, ನಮ್ಮ ಮೂಳೆಯಲ್ಲಿರುವ ಸುಣ್ಣದ ಖನಿಜ. ಹೊರಪದರದಲ್ಲಿ ಖನಿಜ ಹೆಚ್ಚು, ಅದು ಗಡಸು. ಒಳಪದರದಲ್ಲಿ ನಾರು ಹೆಚ್ಚು, ಅದು ಬಾಗುತ್ತದೆ.

ಗಡಸುತನ ಬೇರೆ, ಮುರಿಯದೆ ತಾಳುವ ಗುಣ ಬೇರೆ. ನಮ್ಮ ಕ್ಷೇತ್ರದ ಅರ್ಧ ಜಗಳ ಈ ಎರಡರ ನಡುವೆ. ತೆಂಗಿನ ಗೆರಟೆ ಗಡಸು. ಉಗುರಿನಿಂದ ಗೀರಲು ಬರುವುದಿಲ್ಲ, ಆದರೆ ಕಲ್ಲಿಗೆ ಕುಟ್ಟಿದರೆ ಎರಡು ಹೋಳು. ಅದರ ಹೊರಗಿನ ನಾರು ಉಗುರಿಗೂ ಸಿಗುತ್ತದೆ, ಆದರೆ ಎಷ್ಟು ಬಡಿದರೂ ಒಡೆಯುವುದಿಲ್ಲ. ಗಾಜಿನಂಥ ವಸ್ತುವಿನಲ್ಲಿ ಒಂದು ಬಿರುಕು ಹುಟ್ಟಿದರೆ ಅದು ನೆಟ್ಟಗೆ ಓಡಿ ಕಥೆ ಮುಗಿಸುತ್ತದೆ. ತಾಳುವ ವಸ್ತುವಿನಲ್ಲಿ ಬಿರುಕು ಹುಟ್ಟುವುದಿಲ್ಲ ಎಂದಲ್ಲ. ಹುಟ್ಟುತ್ತದೆ, ಆದರೆ ಅದಕ್ಕೆ ದಾರಿ ಸಿಗುವುದಿಲ್ಲ. ಹುರುಪೆ ಈ ಎರಡು ಗುಣಗಳನ್ನೂ ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪದಲ್ಲಿ ಪಕ್ಕಪಕ್ಕ ಕೂರಿಸಿದೆ.

ಬಿರುಕಿಗೆ ದಾರಿ ತಪ್ಪಿಸುವ ಉಪಾಯ ಒಳಪದರದಲ್ಲಿದೆ. ಅಲ್ಲಿ ನಾರುಗಳು ಹಾಳೆ ಹಾಳೆಯಾಗಿ ಜೋಡಿಸಿಕೊಂಡಿವೆ. ಒಂದು ಹಾಳೆಯ ನಾರೆಲ್ಲ ಒಂದೇ ದಿಕ್ಕಿಗೆ. ಅದರ ಕೆಳಗಿನ ಹಾಳೆ ಸ್ವಲ್ಪ ತಿರುಗಿ ಬೇರೆ ದಿಕ್ಕಿಗೆ, ಅದರ ಕೆಳಗಿನದು ಮತ್ತೆ ತಿರುಗಿ. ಪ್ಲೈವುಡ್‌ನಲ್ಲಿ ಮರದ ಪದರಗಳನ್ನು ಅಡ್ಡಡ್ಡ ಇಟ್ಟು ಅಂಟಿಸುತ್ತಾರಲ್ಲ, ಅದೇ ತತ್ವ, ಇನ್ನೂ ನಯವಾಗಿ. ಫ್ರಾನ್ಸಿನ ಈವ್ ಬೂಲಿಗಾಂ ಎಂಬ ವಿಜ್ಞಾನಿ ಜೀವಿಗಳಲ್ಲಿ ಕಾಣುವ ಈ ತಿರುಚು ಜೋಡಣೆಯನ್ನು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಅಂಟಿದೆ. ಏಡಿಯ ಚಿಪ್ಪಿನಲ್ಲೂ ಇದೇ ಇದೆ. ಒಂದು ಹಾಳೆಯಲ್ಲಿ ನಾರುಗಳ ನಡುವೆ ಸಲೀಸಾಗಿ ನುಗ್ಗಿದ ಬಿರುಕು ಮುಂದಿನ ಹಾಳೆಗೆ ಬಂದಾಗ ನಾರುಗಳು ಅಡ್ಡ ಮಲಗಿರುತ್ತವೆ. ಅದು ತಿರುಗಬೇಕು, ಅಥವಾ ನಾರನ್ನೇ ಕಡಿಯಬೇಕು. ಎರಡಕ್ಕೂ ಶಕ್ತಿ ಖರ್ಚು.

ಇದರ ದೊಡ್ಡ ಉದಾಹರಣೆ ಅಮೆಜಾನ್ ನದಿಯ ಅರಪೈಮಾ. ಎರಡು ಮೀಟರಿಗೂ ಹೆಚ್ಚು ಉದ್ದ ಬೆಳೆಯುವ ಈ ಮೀನು ಪಿರಾನ್ಹಾಗಳಿರುವ ನೀರಿನಲ್ಲೇ ಬದುಕುತ್ತದೆ. ಮಳೆಗಾಲ ಮುಗಿದು ನದಿ ಇಳಿದಾಗ ಕೆರೆಗಳಲ್ಲಿ ಎರಡೂ ಒಟ್ಟಿಗೆ ಸಿಕ್ಕಿಬೀಳುತ್ತವೆ. ಅರಪೈಮಾದ ಒಂದು ಹುರುಪೆ 10 ಸೆಂಟಿಮೀಟರ್ ಉದ್ದ ಬೆಳೆಯಬಲ್ಲದು. ಬ್ರೆಜಿಲ್‌ನಲ್ಲಿ ಅದನ್ನು ಉಗುರು ತಿಕ್ಕಲು ಮಾರುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ಮಾರ್ಕ್ ಮೈಯರ್ಸ್ ತಂಡ ಪಿರಾನ್ಹಾದ ಹಲ್ಲನ್ನೇ ಯಂತ್ರಕ್ಕೆ ಕಟ್ಟಿ ಈ ಹುರುಪೆಗೆ ಒತ್ತಿ ನೋಡಿತು. 2012ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹಲ್ಲು ಹುರುಪೆಯೊಳಗೆ ಸ್ವಲ್ಪ ಇಳಿಯಿತು, ಆದರೆ ಪೂರ್ತಿ ತೂರಿ ಮಾಂಸ ಮುಟ್ಟುವ ಮೊದಲೇ ಹಲ್ಲೇ ಬಿರಿಯಿತು. ಮರುವರ್ಷ ಬರ್ಕ್ಲಿಯ ರಾಬರ್ಟ್ ರಿಚಿಯವರೊಂದಿಗೆ ಸೇರಿ ಎಕ್ಸ್-ರೇ ಕಿರಣದಡಿ ಹುರುಪೆಯನ್ನು ಎಳೆದಾಗ ಇನ್ನೊಂದು ವಿಷಯ ಕಂಡಿತು. ಎಳೆತ ಹೆಚ್ಚಿದಂತೆ ಬಹುಪಾಲು ನಾರಿನ ಹಾಳೆಗಳು ಎಳೆತದ ದಿಕ್ಕಿಗೆ ತಾವಾಗಿ ತಿರುಗಿಕೊಳ್ಳುತ್ತವೆ. ಪೆಟ್ಟು ಎಲ್ಲಿಂದ ಬರುತ್ತಿದೆಯೋ ಆ ಕಡೆಗೆ ಮೈ ತಿರುಗಿಸಿ ನಿಲ್ಲುವುದು. ಆ ಲೇಖನವನ್ನು ಮೊದಲ ಸಲ ಓದಿದ ರಾತ್ರಿ ನಾನು ಹಾಸ್ಟೆಲಿನ ಕಾರಿಡಾರಿನಲ್ಲಿ ಸುಮ್ಮನೆ ಓಡಾಡಿದ್ದೆ.

ನನ್ನ ಪ್ರಯೋಗಗಳು ಅಷ್ಟು ದೊಡ್ಡವಲ್ಲ. ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದು ರೋಹು ಮತ್ತು ಕಾಟ್ಲಾ. ಮಾರ್ಕೆಟ್ಟಿನಲ್ಲಿ ಮೀನು ಕತ್ತರಿಸುವವರ ಹತ್ತಿರ ಮೊದಲ ದಿನ ಹುರುಪೆ ಮಾತ್ರ ಬೇಕು ಎಂದಾಗ ಅವರು ನನ್ನ ಮುಖ ನೋಡಿ, "ಮೇಡಂ, ದಿನಾ ಮೂಟೆಗಟ್ಟಲೆ ಬಿಸಾಕ್ತೀವಿ, ಎಷ್ಟ್ ಬೇಕಾದ್ರೂ ತಗೊಳ್ಳಿ" ಅಂದರು. ತಂದ ಹುರುಪೆಯನ್ನು ತೊಳೆದು, ಒದ್ದೆಯಾಗಿಯೇ ಇಟ್ಟುಕೊಂಡು, ಅದರಿಂದ ಕಿರುಬೆರಳಿಗಿಂತ ಸಣ್ಣ ಪಟ್ಟಿ ಕತ್ತರಿಸಿ ಯಂತ್ರದ ಎರಡು ಹಿಡಿಕೆಗಳ ನಡುವೆ ಕಟ್ಟಬೇಕು. ಒದ್ದೆ ಇರುವುದು ಮುಖ್ಯ. ಒಣಗಿದ ಹುರುಪೆ ಬಿರುಸು, ಬಾಗಿಸಿದರೆ ಚಟ್ಟೆಂದು ಮುರಿಯುತ್ತದೆ. ನೀರು ಕುಡಿದ ಹುರುಪೆ ಅಷ್ಟು ಗಟ್ಟಿಯಲ್ಲ, ಆದರೆ ಬಾಗುತ್ತದೆ, ಹಿಗ್ಗುತ್ತದೆ, ತಡೆಯುತ್ತದೆ. ಮೀನು ಬದುಕುವುದು ನೀರಿನಲ್ಲಿ. ಒಣ ಹುರುಪೆಯ ಲೆಕ್ಕ ಬೇರೆ ಏನನ್ನೋ ಹೇಳುತ್ತದೆ, ಮೀನಿನ ಬಗ್ಗೆ ಅಲ್ಲ.

ಚುಚ್ಚುವ ಪ್ರಯೋಗದಲ್ಲಿ ಹುರುಪೆಯ ಕೆಳಗೆ ಮಾಂಸದಂಥ ಮೆದು ರಬ್ಬರ್ ಇಟ್ಟು ಮೇಲಿನಿಂದ ಉಕ್ಕಿನ ಸೂಜಿ ಇಳಿಸುತ್ತೇವೆ. ಪರದೆಯ ಮೇಲೆ ಗೆರೆ ಏರುತ್ತ ಹೋಗಿ ಒಮ್ಮೆ ಸಣ್ಣಗೆ ಕುಸಿಯುತ್ತದೆ. ಹೊರಪದರ ಬಿರಿಯಿತು ಎಂದರ್ಥ. ಮೊದಲ ಸಲ ನೋಡುವವರು ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಗೆರೆ ಮತ್ತೆ ಏರತೊಡಗುತ್ತದೆ, ಈಗ ತೂಕ ಹೊತ್ತಿರುವುದು ನಾರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸ್ವಾ ಬಾರ್ತೆಲಾ ತಂಡ ಪಟ್ಟೆ ಬಾಸ್ ಎಂಬ ಮೀನಿನ ಹುರುಪೆಯಲ್ಲಿ ಇದನ್ನು ವಿವರವಾಗಿ ನೋಡಿದೆ. ಆ ಹುರುಪೆಯ ಹೊರಪದರ ಸೂಜಿಯ ಸುತ್ತ ಕೂಡಿಸುವ ಚಿಹ್ನೆಯ ಆಕಾರದಲ್ಲಿ ಬಿರಿದು ನಾಲ್ಕು ಎಸಳಾಗುತ್ತದೆ. ಕೆಳಗಿನ ನಾರಿಗೆ ಅಂಟಿಕೊಂಡೇ ಇರುವ ಆ ಎಸಳುಗಳು ಸೂಜಿಯನ್ನು ಇನ್ನಷ್ಟು ಹೊತ್ತು ತಡೆಯುತ್ತವೆ. ಅಷ್ಟೇ ದಪ್ಪದ ಪಾಲಿಕಾರ್ಬೊನೇಟ್ ಹಾಳೆಗಿಂತಲೂ ಈ ಹುರುಪೆ ಚುಚ್ಚಲು ಕಷ್ಟ ಎಂದು ಅವರ 2012ರ ಲೇಖನ ತೋರಿಸಿತು. ಹೊರಪದರ ಬಿರಿಯುವುದು ಕೂಡ ಕಾವಲಿನ ಒಂದು ಭಾಗ.

ಇದೆಲ್ಲ ಒಂಟಿ ಹುರುಪೆಯ ಕಥೆ. ಮೀನಿನ ಮೈಮೇಲೆ ಒಂಟಿ ಹುರುಪೆ ಎಂಬುದಿಲ್ಲ. ಮೆತ್ತಗಿನ ಹಾಸಿಗೆಯ ಮೇಲೆ ಒಂದು ಬಿಲ್ಲೆ ಇಟ್ಟು ಅದರ ಅಂಚಿಗೆ ಮೊಳೆ ಒತ್ತಿದರೆ ಬಿಲ್ಲೆ ಒಂದು ಕಡೆ ಎದ್ದು ಇನ್ನೊಂದು ಕಡೆ ಮುಳುಗುತ್ತದೆ, ಮೊಳೆ ಪಕ್ಕಕ್ಕೆ ಜಾರಿ ಹಾಸಿಗೆಗೆ ಹೊಕ್ಕುತ್ತದೆ. ಬಿಲ್ಲೆ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಹುರುಪೆಗಳು ಒಂದರ ಮೇಲೊಂದು ಒರಗಿರುವುದರಿಂದ ಅವು ಹಾಗೆ ಮಗುಚುವುದಿಲ್ಲ. ಪಕ್ಕದ್ದು ಹಿಡಿದುಕೊಳ್ಳುತ್ತದೆ, ಒಂದು ಹಲ್ಲಿನ ತೂಕ ಸುತ್ತಲಿನ ಹತ್ತಾರು ಹುರುಪೆಗಳಿಗೆ ಹಂಚಿಹೋಗುತ್ತದೆ. ಮೀನು ಸ್ವಲ್ಪ ಬಾಗಿದಾಗ ಅವು ಸಡಿಲವಾಗಿ ಜಾರುತ್ತವೆ. ಹೆಚ್ಚು ಬಾಗಿದರೆ ಒಳಬಾಗಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಬಿಗಿಯಾಗುತ್ತವೆ. ಈಜಲು ಬೇಕಾದಷ್ಟು ಸಡಿಲ, ಅದಕ್ಕಿಂತ ಹೆಚ್ಚಿಲ್ಲ.

ಹಾಗಾದರೆ ಎಲ್ಲ ಮೀನಿಗೂ ದಪ್ಪ ಹುರುಪೆ ಯಾಕಿಲ್ಲ? ಇದಕ್ಕೆ ಉತ್ತರ ಮೀನುಗಳ ಇತಿಹಾಸದಲ್ಲಿದೆ. ಸುಮಾರು 36 ಕೋಟಿ ವರ್ಷಗಳ ಹಿಂದಿನ ಡಂಕಲ್‌ಆಸ್ಟಿಯಸ್ ಎಂಬ ಮೀನು ತಲೆಗೂ ಎದೆಗೂ ಮೂಳೆಯ ಫಲಕಗಳನ್ನೇ ತೊಟ್ಟಿತ್ತು. ಅಂಥ ಕವಚಧಾರಿಗಳ ಆ ಇಡೀ ಬಳಗವೇ ಅಳಿದುಹೋಯಿತು. ಹಳೆಯ ಕಾಲದ ದಪ್ಪ ಹುರುಪೆಯನ್ನು ಇಂದಿಗೂ ಉಳಿಸಿಕೊಂಡಿರುವ ಮೀನುಗಳು ಬೆರಳೆಣಿಕೆಯಷ್ಟು. ಉತ್ತರ ಅಮೆರಿಕದ ಗಾರ್ ಮೀನಿನ ಹುರುಪೆ ಎಷ್ಟು ಗಡಸೆಂದರೆ ಅಲ್ಲಿನ ಮೂಲನಿವಾಸಿಗಳು ಅದನ್ನು ಬಾಣದ ಮೊನೆಗೆ ಬಳಸುತ್ತಿದ್ದರು. ಆಫ್ರಿಕದ ಪಾಲಿಪ್ಟೆರಸ್ ಮೀನಿನ ಹುರುಪೆಗೆ ನಾಲ್ಕು ಪದರ. ಉಳಿದ ಬಹುಪಾಲು ಮೀನುಗಳು ಕೋಟಿಗಟ್ಟಲೆ ವರ್ಷಗಳಲ್ಲಿ ಕವಚವನ್ನು ತೆಳು ಮಾಡುತ್ತ ಬಂದವು. ಭಾರ ಹೊತ್ತವನು ವೇಗವಾಗಿ ಓಡಲಾರ. ಅಂಜಲ್ ಕವಚವನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟು ವೇಗವನ್ನು ಆಯ್ದುಕೊಂಡಿತು. ಮೀಸೆಯ ಮೀನುಗಳು ಹುರುಪೆ ಬಿಟ್ಟು ಲೋಳೆಯನ್ನೂ ರೆಕ್ಕೆಯ ಬುಡದ ಮುಳ್ಳನ್ನೂ ಇಟ್ಟುಕೊಂಡವು. ಬೈಗೆ ಇನ್ನೊಂದು ದಾರಿ ಹಿಡಿಯಿತು. ಕಚ್ಚಿದವನ ಬಾಯಲ್ಲಿ ಒಂದು ಹಿಡಿ ಹುರುಪೆ ಬಿಟ್ಟು ತಾನು ಜಾರಿಕೊಳ್ಳುವುದು. ಯಾವ ಮೀನಿಗೂ ಪೂರ್ತಿ ರಕ್ಷಣೆ ಸಿಕ್ಕಿಲ್ಲ. ರಕ್ಷಣೆಗೆ ಎಷ್ಟು, ಚಲನೆಗೆ ಎಷ್ಟು ಎಂಬ ಒಪ್ಪಂದ ಮಾತ್ರ ಒಂದೊಂದಕ್ಕೂ ಬೇರೆ ಬೇರೆ.

ಸಂಶೋಧನೆಯ ಪ್ರಸ್ತಾವನೆಯಲ್ಲಿ 'ಉಪಯೋಗ' ಅಂತ ಒಂದು ಕಾಲಂ ಇರುತ್ತದೆ. ಈ ಕ್ಷೇತ್ರದಲ್ಲಿ ಅಲ್ಲಿ ಏನು ಬರೆಯಬೇಕು ಎಂಬುದು ಹೆಚ್ಚುಕಡಿಮೆ ನಿಶ್ಚಯವಾಗಿದೆ: ಸೈನಿಕರ ಕವಚ. ಇದರಲ್ಲಿ ಹೊಸತೇನಿಲ್ಲ. ರೋಮನ್ ಸೈನಿಕರು ಲೋಹದ ಸಣ್ಣ ಬಿಲ್ಲೆಗಳನ್ನು ಬಟ್ಟೆಗೋ ತೊಗಲಿಗೋ ಸಾಲುಸಾಲಾಗಿ ಹೊಲಿದ ಅಂಗಿ ತೊಡುತ್ತಿದ್ದರು, ನೋಡಲು ಅಪ್ಪಟ ಮೀನಿನ ಮೈ. ಅಮೆರಿಕದ ಎಂಐಟಿಯಲ್ಲಿ ಕ್ರಿಸ್ಟೀನ್ ಓರ್ಟಿಜ್ ತಂಡ 2008ರಲ್ಲಿ ಪಾಲಿಪ್ಟೆರಸ್ ಹುರುಪೆಯ ಬಗ್ಗೆ ಬರೆದ ಪ್ರಸಿದ್ಧ ಲೇಖನಕ್ಕೆ ಅಲ್ಲಿನ ಸೇನೆಯ ಹಣದ ನೆರವಿತ್ತು. ನಾನೂ ಮೊದಲ ಪ್ರಸ್ತಾವನೆಯಲ್ಲಿ ಅದನ್ನೇ ಬರೆದೆ. ಬರೆದದ್ದು ಸುಳ್ಳಲ್ಲ, ಸೈನಿಕರ ಜೀವವೂ ಜೀವವೇ. ಆದರೆ ಹುರುಪೆಯ ವಿಷಯಕ್ಕೆ ಬಂದರೆ ನನ್ನ ಕಣ್ಣಮುಂದೆ ಬರುವ ಗಾಯ ಗುಂಡಿನದಲ್ಲ.

ಅಮ್ಮನ ಕೈ ನೋಡಿದವರಿಗೆ ಅರ್ಥವಾಗುತ್ತದೆ. ಎಡಗೈ ತೋರುಬೆರಳಿನಲ್ಲಿ ಮೆಟ್ಟುಕತ್ತಿಯ ಹಳೆಯ ಗೀರುಗಳು, ಒಂದರ ಮೇಲೊಂದು. ಮೆಟ್ಟುಕತ್ತಿ ನಿಂತಲ್ಲೇ ನಿಂತಿರುತ್ತದೆ, ಎರಡೂ ಕೈಯಲ್ಲಿ ಮೀನು ಹಿಡಿದು ಅಲಗಿಗೆ ಒತ್ತಬೇಕು. ಅಂದರೆ ಎರಡೂ ಕೈ ಅಲಗಿನ ದಾರಿಯಲ್ಲೇ ಇರುತ್ತವೆ. ಅಂಗೈಯಲ್ಲಿ ಮುಳ್ಳು ಹೊಕ್ಕು ಕೀವಾಗಿ ವಾಸಿಯಾದ ಕಲೆಗಳಿವೆ. ಐಸಿನಲ್ಲಿ, ಉಪ್ಪು ನೀರಿನಲ್ಲಿ ದಿನವಿಡೀ ನೆನೆದ ಬೆರಳ ತುದಿಗಳು ಸುಕ್ಕಾಗಿ, ಒರಟು ಹುರುಪೆಗೆ ತಿಕ್ಕಿ ತಿಕ್ಕಿ ಸವೆದಿವೆ. ಸವೆದಿವೆ ಎಂದರೆ ಮಾತಿಗೆ ಹೇಳಿದ್ದಲ್ಲ. ರೇಷನ್ ಅಂಗಡಿಯ ಬೆರಳಚ್ಚು ಯಂತ್ರಕ್ಕೆ ಅವಳ ಹೆಬ್ಬೆರಳು ಕಾಣುವುದಿಲ್ಲ. ಬಲಗೈಯದು ಇಟ್ಟರೆ ಕೆಂಪು ದೀಪ, ಎಡಗೈಯದು ಇಟ್ಟರೆ ಕೆಂಪು ದೀಪ. ಸೆರಗಿಗೆ ಒರೆಸಿ, ತಲೆಗೆ ಉಜ್ಜಿ ಎಣ್ಣೆಪಸೆ ಮಾಡಿಕೊಂಡು ಮತ್ತೆ ಇಟ್ಟರೂ ಕೆಂಪು ದೀಪ. ಹಿಂದೆ ನಿಂತವರು ಅವಸರ ಮಾಡುತ್ತಾರೆ. ಅವಳು ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ. ಓದಲು ಬಾರದವರನ್ನು ನಮ್ಮಲ್ಲಿ ಹೆಬ್ಬೆಟ್ಟು ಅನ್ನುತ್ತಾರೆ. ಅಕ್ಷರ ಬಾರದ ಅಮ್ಮನ ಹತ್ತಿರ ಸಹಿ ಅಂತ ಇದ್ದದ್ದು ಆ ಹೆಬ್ಬೆಟ್ಟು ಒಂದೇ. ಈಗ ಅದೂ ಅವಳದಲ್ಲ ಅಂತ ಯಂತ್ರ ಹೇಳುತ್ತಿತ್ತು.

ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ ನಾನೇ ಜೊತೆಗೆ ಹೋಗಿದ್ದೆ. ಕೊನೆಗೆ ಕಿರುಬೆರಳು ಹಿಡಿಯಿತು. ಅಕ್ಕಿ ಚೀಲ ಹೊತ್ತುಕೊಂಡು ಬರುವಾಗ ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅಂಜಲಿನ ರೇಟು ಇಳಿದದ್ದರ ಬಗ್ಗೆ ಮಾತಾಡಿದಳು.

ಸೂಕ್ಷ್ಮದರ್ಶಕದಡಿ ರೋಹುವಿನ ಹುರುಪೆ ಇಟ್ಟರೆ ಮೊದಲು ಕಾಣುವುದು ಗೆರೆಗಳು. ನಡುವಿನ ಒಂದು ಬಿಂದುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ ಹರಡಿದ ಏರುಗೆರೆಗಳು. ನೋಡಿದ ಯಾರಿಗಾದರೂ ಹೆಬ್ಬೆರಳ ಗುರುತೇ ನೆನಪಾಗಬೇಕು. ಮೀನು ಬೆಳೆದಂತೆ ಹುರುಪೆಯ ಅಂಚಿನಲ್ಲಿ ಹೊಸ ಗೆರೆ ಕೂಡುತ್ತ ಹೋಗುತ್ತದೆ. ಬೆಳವಣಿಗೆ ನಿಧಾನವಾದಾಗ ಗೆರೆಗಳು ಒತ್ತೊತ್ತಾಗುತ್ತವೆ. ಚಳಿಗಾಲ ಕಠಿಣವಾಗಿರುವ ದೇಶಗಳಲ್ಲಿ ಈ ಒತ್ತು ಗೆರೆಗಳನ್ನು ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ. ನಮ್ಮ ಬಿಸಿ ನೀರಿನಲ್ಲಿ ಅದು ಅಷ್ಟು ಸ್ಪಷ್ಟವಲ್ಲ. ಎಣಿಸುವವರು ಒಂದು ಎಚ್ಚರ ವಹಿಸಬೇಕು. ಹುರುಪೆ ಉದುರಿದರೆ ಮೀನು ಅದೇ ಜಾಗದಲ್ಲಿ ಹೊಸತನ್ನು ಬೇಗ ಬೆಳೆಸಿಕೊಳ್ಳುತ್ತದೆ. ಆಕಾರ ಅದೇ, ಕೆಲಸ ಅದೇ, ಆದರೆ ನಡುವಿನಲ್ಲಿ ಗೆರೆ ಇರುವುದಿಲ್ಲ. ಮೀನಿನ ಬಾಲ್ಯದ ದಾಖಲೆ ಹಳೆಯದರ ಜೊತೆ ಹೋಯಿತು. ಅಂಥ ಹುರುಪೆಯನ್ನು ಎಣಿಕೆಯಿಂದ ಬಿಡುತ್ತಾರೆ.

ಬೆರಳಿನ ಗೆರೆ ಹಾಗಲ್ಲ. ಅದರ ಅಚ್ಚು ಚರ್ಮದ ಒಳಪದರದಲ್ಲಿರುತ್ತದೆ. ಮೇಲ್ಪದರ ಮಾತ್ರ ಸವೆದಿದ್ದರೆ, ಬಿಡುವು ಸಿಕ್ಕಾಗ ಮತ್ತೆ ಅದೇ ಗೆರೆ ಮೂಡುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿಗೆ ಮರಿ ಮಾಡಲು ಬಿಡುವು ಕೊಡುವ ಕಾಲ ಅದು. ಅಮ್ಮ ಆಗ ಒಣಮೀನು ಮಾರುತ್ತಾಳೆ, ಕೈ ನೀರಿನಿಂದ ಹೊರಗಿರುತ್ತದೆ. ಜುಲೈ ಕೊನೆಯ ಹೊತ್ತಿಗೆ ಅವಳ ಹೆಬ್ಬೆಟ್ಟು ಯಂತ್ರಕ್ಕೆ ಕಾಣತೊಡಗುತ್ತದೆ. ಸಂಪಾದನೆ ಇಲ್ಲದ ತಿಂಗಳಲ್ಲಿ ಗುರುತು ಸಿಗುತ್ತದೆ, ಸಂಪಾದನೆ ಶುರುವಾದರೆ ಗುರುತು ಅಳಿಯುತ್ತದೆ.

ಎರಡು ವರ್ಷಗಳ ಹಿಂದೆ ನಾನು ಅವಳಿಗೆ ಕೈಗವಸು ತಂದುಕೊಟ್ಟಿದ್ದೆ. ಕತ್ತಿ ತಾಗದಂಥ ನೂಲಿನದು, ಕಾರ್ಖಾನೆಗಳಲ್ಲಿ ಬಳಸುವಂಥದು. ಒಂದು ದಿನ ಹಾಕಿ ತೆಗೆದಿಟ್ಟಳು. "ಗ್ಲೌಸ್ ಹಾಕ್ಕಂಡ್ರೆ ಮೀನಿನ್ ಮೈ ಗೊತ್ತಾತಿಲ್ಲೆ. ಹಳ್ತಾ ಹೊಸ್ತಾ ಅಂದೇಳಿ ಹ್ಯಾಂಗ್ ಹೇಳುದ್?" ಅವಳ ಮಾತು ಸರಿ. ಬಂದರಿನಲ್ಲಿ ಹರಾಜಿನ ಹೊತ್ತಿಗೆ ಮೀನಿನ ಹೊಟ್ಟೆ ಒತ್ತಿ ನೋಡಲು ಸಿಗುವುದು ಎರಡು ಕ್ಷಣ. ಅಷ್ಟರಲ್ಲಿ ಬೆರಳು ಹೇಳಬೇಕು. ಬೆರಳ ತುದಿ ಮುಚ್ಚಿದರೆ ಗಾಯ ಉಳಿಯುತ್ತದೆ, ವ್ಯಾಪಾರ ಹೋಗುತ್ತದೆ. ರಕ್ಷಣೆ ಬೇಕಾದ ಜಾಗವೂ ಅದೇ, ತೆರೆದಿರಬೇಕಾದ ಜಾಗವೂ ಅದೇ.

ಇದನ್ನು ಮೀನು ಹೇಗೆ ಬಗೆಹರಿಸಿಕೊಂಡಿದೆ ಎಂಬುದು ಮೀನನ್ನು ಸರಿಯಾಗಿ ನೋಡಿದ ಎಲ್ಲರ ಕಣ್ಣೆದುರೇ ಇದೆ. ರೋಹುವನ್ನು ಅಡ್ಡ ಮಲಗಿಸಿದರೆ ಕಿವಿರಿನ ಹಿಂದಿನಿಂದ ಬಾಲದವರೆಗೆ ಒಂದು ಸಣ್ಣ ಗೆರೆ ಹೋಗುತ್ತದೆ. ಅದು ಪಾರ್ಶ್ವರೇಖೆ. ನೀರಿನ ಅಲುಗಾಟ, ಪಕ್ಕದ ಮೀನಿನ ಚಲನೆ, ಹತ್ತಿರ ಬರುತ್ತಿರುವ ಬಾಯಿ, ಎಲ್ಲವೂ ಮೀನಿಗೆ ಗೊತ್ತಾಗುವುದು ಅಲ್ಲಿಂದ. ಆ ಸಾಲಿನಲ್ಲಿರುವ ಸುಮಾರು 40 ಹುರುಪೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರೆ ಪ್ರತಿಯೊಂದರಲ್ಲೂ ಒಂದು ಸಣ್ಣ ತೂತು ಕಾಣುತ್ತದೆ. ಹಲ್ಲು ತೂರದಂತೆ ಅಷ್ಟೆಲ್ಲ ಏರ್ಪಾಡು ಮಾಡಿಕೊಂಡ ಕವಚಕ್ಕೆ ಮೀನು ತಾನೇ ಸಾಲಾಗಿ ತೂತು ಇಟ್ಟುಕೊಂಡಿದೆ. ಏನೂ ತಿಳಿಯದೆ ಸುರಕ್ಷಿತವಾಗಿರುವ ಮೀನು ಹೆಚ್ಚು ದಿನ ಬದುಕುವುದಿಲ್ಲ.

ಈಗ ನನ್ನ ಪ್ರಬಂಧದ ಕೊನೆಯ ಅಧ್ಯಾಯ ಒಂದು ಕೈಗವಸು. ಮೆದು ಬಟ್ಟೆಯ ಮೇಲೆ ಗಡಸು ಬಿಲ್ಲೆಗಳನ್ನು ಒಂದರ ಮೇಲೊಂದು ಒರಗಿಸಿ ಕೂರಿಸಿದ್ದು. ಅಂಗೈಗೆ ದೊಡ್ಡ ಬಿಲ್ಲೆ, ಗೆಣ್ಣುಗಳಿಗೆ ಸಣ್ಣದು. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗೆ ಬಿಲ್ಲೆ ಇಲ್ಲ, ತೆಳು ಪೊರೆ ಮಾತ್ರ. ಅಮ್ಮನಿಗೆ ಫೋನಿನಲ್ಲಿ ಚಿತ್ರ ಕಳಿಸಿ ಕೇಳಿದಾಗ, "ಬೆರಳಿನ್ ತುದಿ ಒಂದ್ ಬಿಡ್, ಬಾಕಿದ್ದೆಲ್ಲ ಮುಚ್ಚ್" ಎಂದಿದ್ದಳು. 'ಉಪಯೋಗ' ಎಂಬ ಕಾಲಂನಲ್ಲಿ ಈಗ ಎರಡು ಸಾಲುಗಳಿವೆ. ಸೈನಿಕರದನ್ನು ತೆಗೆದಿಲ್ಲ. ಅದರ ಕೆಳಗೆ ಮೀನು ಹೆಚ್ಚುವವರು ಎಂದು ಸೇರಿಸಿದ್ದೇನೆ. ಪರಿಶೀಲನಾ ಸಭೆಯಲ್ಲಿ ಒಬ್ಬರು ನಕ್ಕರು, ಇನ್ನೊಬ್ಬರು ಇದಕ್ಕೆ ಮಾರುಕಟ್ಟೆ ಇದೆಯೇ ಎಂದು ಕೇಳಿದರು. ಮಾರುಕಟ್ಟೆಯಲ್ಲೇ ಇದ್ದಾರೆ ಎಂದೆ.

ಹೋದ ತಿಂಗಳು ಮೂರನೇ ಮಾದರಿಯನ್ನು ಊರಿಗೆ ಕಳಿಸಿದ್ದೆ. ನಾಲ್ಕು ದಿನ ಬಳಸಿ ವಾಪಸು ಕಳಿಸಿದಳು. ಎರಡು ಪ್ಲಾಸ್ಟಿಕ್ ಚೀಲದೊಳಗಿದ್ದರೂ ಪಾರ್ಸೆಲ್ ತೆರೆದಾಗ ಇಡೀ ಪ್ರಯೋಗಾಲಯ ಮೂಗು ಮುಚ್ಚಿಕೊಂಡಿತು. ಎಡಗೈಯ ತೋರುಬೆರಳಿನ ಬುಡದಲ್ಲಿ ಅಲಗು ತಾಗಿದ ಗುರುತಿತ್ತು. ಒಂದು ಬಿಲ್ಲೆ ಬಿರಿದಿತ್ತು, ಕೆಳಗಿನ ಬಟ್ಟೆ ಹರಿದಿರಲಿಲ್ಲ. ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅಮ್ಮನಿಗೆ ಫೋನ್ ಮಾಡಿದೆ. ಕೈಗೆ ಹೇಗಾಯಿತು ಎಂದು ಕೇಳಿದ್ದಕ್ಕೆ, ಅಡ್ಡಿಯಿಲ್ಲ, ಮೀನು ಗೊತ್ತಾಗುತ್ತದೆ ಅಂದಳು. ಆದರೆ ಬಿಲ್ಲೆಗಳ ಸಂದಿಯಲ್ಲೆಲ್ಲ ಮೀನಿನ ಹುರುಪೆ ಸಿಕ್ಕಿಕೊಳ್ಳುತ್ತದಂತೆ. "ಅದ್ನ ತೊಳೂಕೇ ಇನ್ನೊಂದ್ ಆಳ್ ಬೇಕ್ ಕಾಣ್ ಮಗಾ."

ನೋಟ್‌ಬುಕ್‌ನಲ್ಲಿ ಬರೆದುಕೊಂಡೆ: ನಾಲ್ಕನೇ ಮಾದರಿ, ಸಂದು ಕಿರಿದಾಗಬೇಕು, ಬಾಗುವುದು ಕಡಿಮೆಯಾಗಬಾರದು.